ದೇಶ ಸುತ್ತಿದ ಒಲೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹಿಮಬೆಟ್ಟಗಳನ್ನು ನೋಡಲು ಜನ ಹತ್ತುವ ಗುಡ್ಡದ ಬುಡದಲ್ಲಿ, ಪಾರ್ಕಿಂಗ್ ಜಾಗದ ಮೂಲೆಯಲ್ಲಿ, ಪ್ರವಾಸದ ಬಸ್ಸೊಂದು ನಿಂತಿದೆ. ಅದರ ಬೆನ್ನಿಗೆ ನೀಲಿ ಟಾರ್ಪಾಲಿನ ಚಪ್ಪರ. ಅದರೊಳಗೆ ಮಂಕಿ ಟೋಪಿ ಹಾಕಿಕೊಂಡ ಒಬ್ಬರು ಕುಕ್ಕರುಗಾಲಿನಲ್ಲಿ ಕೂತು ಗ್ಯಾಸ್ ಸಿಲಿಂಡರಿಗೆ ಸ್ನಾನ ಮಾಡಿಸುತ್ತಿದ್ದಾರೆ. ತಮಾಷೆಯಲ್ಲ. ಈ ಚಳಿಯಲ್ಲಿ ಸಿಲಿಂಡರನ್ನು ಉಗುರುಬೆಚ್ಚಗಿನ ನೀರಿನ ಟಬ್ಬಿನಲ್ಲಿ ನಿಲ್ಲಿಸಿದರೆ ಮಾತ್ರ ಒಲೆ ಸರಿಯಾಗಿ ಉರಿಯುತ್ತದೆ. "ಚಿಕ್ಕ ಮಕ್ಕಳಿಗಿಂತ ಹಟ ಇದಕ್ಕೆ," ಎನ್ನುತ್ತಾ ಅವರು ಇನ್ನೊಂದು ಚೊಂಬು ನೀರು ಸುರಿಯುತ್ತಾರೆ.

ಇವರು ಅಡುಗೆಯಣ್ಣ. ಹುಟ್ಟಿದಾಗ ಇಟ್ಟ ಹೆಸರು ಬೇರೆ ಇದೆ, ಆದರೆ ಅದನ್ನು ಕರೆಯುವವರು ಈಗ ಯಾರೂ ಉಳಿದಿಲ್ಲ. ದೇಶದ ಹೆಸರುವಾಸಿ ಜಾಗಗಳಿಗೆಲ್ಲ ಜನರನ್ನು ಕರೆದೊಯ್ಯುವ ಕಂಪನಿಯೊಂದರಲ್ಲಿ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಅಡುಗೆ ಮಾಡುತ್ತಿದ್ದಾರೆ. ಒಂದು ಬಸ್ಸಿನಲ್ಲಿ ನಲವತ್ತು ಜನ. ಬೆಳಿಗ್ಗೆ ತಿಂಡಿ, ಮಧ್ಯಾಹ್ನ ಊಟ, ರಾತ್ರಿ ಊಟ, ನಡುನಡುವೆ ಲೆಕ್ಕವಿಲ್ಲದಷ್ಟು ಚಹಾ. ಬಸ್ಸಿನ ಹೊಟ್ಟೆಯೊಳಗೆ ಅಕ್ಕಿ ಮೂಟೆ, ಬೇಳೆ ಡಬ್ಬಿ, ಹಂಡೆಯಷ್ಟು ದೊಡ್ಡ ಪಾತ್ರೆಗಳು. ಬಸ್ಸು ನಿಂತಲ್ಲಿ ಅಡುಗೆಮನೆ.

ಪಕ್ಕದಲ್ಲಿ ಅವರ ಹೆಂಡತಿ ಬೀನ್ಸಿನ ನಾರು ತೆಗೆಯುತ್ತಾ ಕೂತಿದ್ದಾರೆ. ಗಂಡ ಹೆಂಡತಿ ನಡುವೆ ನಿನ್ನೆ ಸಂಜೆಯಿಂದ ಮಾತಿಲ್ಲ.

ಅದರ ಕಾರಣ ತಿಳಿಯಬೇಕಾದರೆ ಅಡುಗೆಯಣ್ಣನಿಗೆ ಈ ದೇಶ ಹೇಗೆ ಗೊತ್ತು ಎಂಬುದು ಮೊದಲು ತಿಳಿಯಬೇಕು. ಮರಳುಗಾಡಿನ ದಿಬ್ಬಗಳ ಬಗ್ಗೆ ಕೇಳಿ ನೋಡಿ. "ಅಲ್ಲಿ ಮಧ್ಯಾಹ್ನ ಗಾಳಿ ಏಳುತ್ತೆ. ಮುಚ್ಚಳ ತೆಗೆದ್ರೋ, ಅನ್ನದಲ್ಲಿ ಮರಳು. ಬಡಿಸೋವಾಗಲೂ ಅರ್ಧ ಮುಚ್ಚಿರಬೇಕು," ಎನ್ನುತ್ತಾರೆ. ದೊಡ್ಡ ಜಲಪಾತ? "ನೀರಿನ ಹನಿ ಪಾರ್ಕಿಂಗ್ ತನಕ ಹಾರುತ್ತೆ. ಉಪ್ಪಿನ ಡಬ್ಬಿ ಬಸ್ಸಿಂದ ಕೆಳಗಿಳಿಸೋ ಹಾಗಿಲ್ಲ." ಕಡಲತೀರದ ದೀಪಸ್ತಂಭ? "ಅಲ್ಲಿನ ನಲ್ಲಿ ನೀರಲ್ಲಿ ಬೇಳೆ ಬೇಯಲ್ಲ. ನೀರು ಹಿಂದಿನ ಊರಿಂದಲೇ ತುಂಬಿಸ್ಕೊಂಡು ಬರಬೇಕು." ಹಳೇ ಕೋಟೆ? "ಕೋತಿಗಳು." ಅಷ್ಟೇ ಉತ್ತರ. ಮುಖ ನೋಡಿದರೆ ಮುಂದೆ ಕೇಳುವ ಮನಸ್ಸಾಗುವುದಿಲ್ಲ.

ಆದರೆ ಆ ದಿಬ್ಬ, ಆ ಜಲಪಾತ, ಆ ದೀಪಸ್ತಂಭ ಯಾವುದನ್ನೂ ಅವರು ನೋಡಿಲ್ಲ. ಬಸ್ಸು ಬಂದು ನಿಲ್ಲುತ್ತದೆ, ಜನ ಕ್ಯಾಮೆರಾ ನೇತುಹಾಕಿಕೊಂಡು ಒಳಗೆ ಹೋಗುತ್ತಾರೆ, ಅಡುಗೆಯಣ್ಣ ಒಲೆ ಹಚ್ಚುತ್ತಾರೆ. ಜನ ವಾಪಸ್ ಬಂದು ಉಣ್ಣುತ್ತಾರೆ, ಇವರು ಪಾತ್ರೆ ತಿಕ್ಕುತ್ತಾರೆ, ಬಸ್ಸು ಹೊರಡುತ್ತದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಮ್ಮೆ ಮಾತ್ರ ಆಸೆಗೆ ಬಿದ್ದು, ಅನ್ನವನ್ನು ಸಣ್ಣ ಉರಿಯಲ್ಲಿಟ್ಟು, ಕೋಟೆಯ ಬಾಗಿಲವರೆಗೆ ಓಡಿದ್ದರು. ಬಾಗಿಲು ದಾಟುವ ಮೊದಲೇ ಹಿಂದಿನಿಂದ ಪಾತ್ರೆ ಉರುಳಿದ ಸದ್ದು. ತಿರುಗಿ ನೋಡಿದರೆ ಕೋತಿಗಳ ಹಿಂಡೇ ಪಂಕ್ತಿಗೆ ಕೂತಿದೆ. ಅವತ್ತು ನಲವತ್ತು ಜನ ಬಾಳೆಹಣ್ಣು, ಬ್ರೆಡ್ಡು ತಿಂದು ಬಸ್ಸು ಹತ್ತಿದರು. ಅಂದಿನಿಂದ ಇವರು ಒಲೆ ಬಿಟ್ಟು ಕದಲಿದವರಲ್ಲ, ಅಂದಿನಿಂದ ಊಟ ತಡವಾಗಿದ್ದೂ ಇಲ್ಲ. ಕಂಪನಿಯ ಜಾಹೀರಾತಿನಲ್ಲಿ 'ಹೊತ್ತಿಗೆ ಸರಿಯಾಗಿ ಮನೆಯೂಟ' ಎಂಬ ಸಾಲು ದಪ್ಪಕ್ಷರದಲ್ಲಿದೆ. ಆ ಸಾಲನ್ನು ಹೊತ್ತು ನಿಂತಿರುವ ಹೆಗಲು ಇವರದ್ದು.

ತೊಡಕು ಇರುವುದು ಮನೆಯಲ್ಲಿ. ಪ್ರವಾಸ ಮುಗಿಸಿ ಬಂದ ಅಪ್ಪನನ್ನು ಇಬ್ಬರು ಹೆಣ್ಣುಮಕ್ಕಳು ಮುತ್ತಿಕೊಂಡು, ಏನೇನು ನೋಡಿದಿರಿ ಎಂದು ಕೇಳುತ್ತಿದ್ದರು. "ಪಾರ್ಕಿಂಗ್ ನೋಡಿದೆ ಅಂತ ಹೇಳೋಕಾಗುತ್ತಾ?" ಎಂದು ಅಡುಗೆಯಣ್ಣ ನಮ್ಮನ್ನೇ ಕೇಳುತ್ತಾರೆ. ಹಾಗಾಗಿ ಊಟದ ಹೊತ್ತಿನಲ್ಲಿ ಪ್ರಯಾಣಿಕರು ಆಡಿಕೊಳ್ಳುವ ಮಾತನ್ನೆಲ್ಲ ಬಡಿಸುತ್ತಾ ಬಡಿಸುತ್ತಾ ಕಿವಿಗೆ ಹಾಕಿಕೊಂಡು, ಮನೆಗೆ ಹೋಗಿ ಅದಕ್ಕೆ ಸೊಗಸಾದ ಒಗ್ಗರಣೆ ಕೊಡುತ್ತಿದ್ದರು. ಒಂದು ದೀಪ ಹಚ್ಚಿದರೆ ಸಾವಿರವಾಗಿ ಕಾಣುವ ಕನ್ನಡಿ ಕೋಣೆ, ಜಲಪಾತದ ಹಿಂಬದಿಗೆ ಹೋಗುವ ಕಬ್ಬಿಣದ ಸೇತುವೆ. ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು. ಬಾಗಿಲ ಬಳಿ ನಿಂತು ಹೆಂಡತಿಯೂ ಕೇಳುತ್ತಿದ್ದರು, ಒಳಗೊಳಗೇ ಉರಿದುಕೊಳ್ಳುತ್ತಿದ್ದರು. ಮನೆ, ಮಕ್ಕಳು, ವಯಸ್ಸಾದ ಅತ್ತೆ ಎಲ್ಲವೂ ಅವರ ತಲೆಗೇ. ಗಂಡನಿಗೋ ಕಾಲಿಗೆ ಚಕ್ರ. "ಅವರಿಗೇನಮ್ಮ, ದೇಶ ಸುತ್ತೋ ಭಾಗ್ಯ," ಎಂದು ನೆಂಟರಿಷ್ಟರ ಮುಂದೆ ಅವರು ಎಷ್ಟೋ ಸಲ ಹೇಳಿದ್ದುಂಟು.

ಈ ವರ್ಷ ಹಂಗಾಮಿನ ಕೊನೆಯ ಪ್ರವಾಸದಲ್ಲಿ ಒಂದು ಸೀಟು ಖಾಲಿ ಉಳಿಯಿತು. ಮಕ್ಕಳಿಬ್ಬರಿಗೂ ಮದುವೆಯಾಗಿದೆ. ಮ್ಯಾನೇಜರೇ ಕರೆದು, "ಅತ್ತಿಗೆಯನ್ನ ಕರ್ಕೊಂಡು ಬನ್ನಿ ಅಣ್ಣಾ," ಎಂದರು. ಹೆಂಡತಿ ಹೊಸ ಸ್ವೆಟರ್ ಹಾಕಿಕೊಂಡು ಬಸ್ಸು ಹತ್ತಿದರು. ತಾವು ಮನೆಯಲ್ಲಿ ಹೇಳಿದ ಕಥೆಗಳನ್ನು ಅಡುಗೆಯಣ್ಣ ಅವತ್ತೇ ಒಂದೊಂದಾಗಿ ನೆನಪಿಸಿಕೊಳ್ಳತೊಡಗಿದರು.

ಮೊದಲ ಊರಿನ ಅರಮನೆಯಲ್ಲಿ ಹೆಂಡತಿ, ಗಂಡ ಹೇಳಿದ್ದ ಕನ್ನಡಿ ಕೋಣೆಗಾಗಿ ಮಹಡಿ ಮಹಡಿ ಹುಡುಕಿದರು. ಅದು ಇಲ್ಲಿಲ್ಲ, ಮರಳುಗಾಡಿನ ಕಡೆಯ ಅರಮನೆಯಲ್ಲಿದೆ ಎಂದು ಗೈಡ್ ನಕ್ಕ. ಜಲಪಾತದಲ್ಲಿ ಸೇತುವೆ ಇರಲಿಲ್ಲ. ದೀಪಸ್ತಂಭದ ತುದಿಯಲ್ಲಿ ಇದೆಯೆಂದು ಗಂಡ ಹೇಳುತ್ತಿದ್ದ ದೂರದರ್ಶಕವೂ ಇರಲಿಲ್ಲ. ಹೆಂಡತಿ ನಿನ್ನೆ ಸಂಜೆ ಕೋಟೆ ನೋಡಿ ಬಂದು, ಗಂಡನ ಎದುರು ಆಲೂಗಡ್ಡೆ ಸುಲಿಯುತ್ತಾ ಕೂತು, ಮೆಲ್ಲಗೆ ಕೇಳಿದರು.

"ರೀ, ಕೋಟೆ ಬಾಗಿಲು ದಾಟಿ ಬಲಕ್ಕೆ ತಿರುಗಿದ್ರೆ ಏನಿದೆ?"

"ಏನಿದೆ... ಮೆಟ್ಟಿಲಿದೆ."

"ಎಡಕ್ಕೆ?"

"ಅಲ್ಲೂ ಮೆಟ್ಟಿಲೇ."

"ಎರಡೂ ಕಡೆ ಬರೀ ಗೋಡೆ ಇದೆ ರೀ." ಹೆಂಡತಿ ಚಾಕು ಕೆಳಗಿಟ್ಟರು. "ನೀವು ಒಳಗೆ ಹೋಗೇ ಇಲ್ಲ, ಅಲ್ವಾ? ಈ ಕೋಟೆ ಅಂತಲ್ಲ. ಎಲ್ಲೂ ಹೋಗಿಲ್ಲ."

ಅಡುಗೆಯಣ್ಣ ಸೌಟು ತಿರುಗಿಸುತ್ತಲೇ ಇದ್ದರು. ಕೊನೆಗೆ, "ನಾನು ಒಳಗೆ ಹೋದ್ರೆ ಇವರಿಗೆಲ್ಲ ಬಡಿಸೋರು ಯಾರು?" ಎಂದರು.

ಅಷ್ಟೇ. ಆಮೇಲೆ ಮಾತು ನಿಂತಿತು. ಗಂಡ ತಿಳಿದುಕೊಂಡಿದ್ದು ಹೆಂಡತಿಗೆ ಸಿಟ್ಟು ಬಂದಿದೆ ಎಂದು. ಆಕೆಗೆ ಬಂದಿದ್ದು ಸಿಟ್ಟಲ್ಲ. ಒಮ್ಮೆ ದೊಡ್ಡ ಮಗಳಿಗೆ ಜ್ವರ ಏರಿ ಮೈ ಸುಡುತ್ತಿದ್ದಾಗ, "ನೀವು ಅಲ್ಲಿ ಅಲೆ ನೋಡ್ಕೊಂಡು ಕೂತಿರಿ," ಎಂದು ಫೋನಿನಲ್ಲಿ ಹರಿಹಾಯ್ದದ್ದು ನೆನಪಿಗೆ ಬಂದಿತ್ತು. ಆ ಹೊತ್ತಿಗೆ ಈ ಮನುಷ್ಯ ದೀಪಸ್ತಂಭದ ಹಿಂದಿನ ಪಾರ್ಕಿಂಗಿನಲ್ಲಿ ತಳ ಹಿಡಿದ ಪಾತ್ರೆ ಕೆರೆಯುತ್ತಾ ಕೂತಿದ್ದರು. ಹಾಗಿದ್ದೂ ಮರುಮಾತಾಡಿರಲಿಲ್ಲ. ರಾತ್ರಿಯಿಡೀ ಆಕೆಯ ಕಣ್ಣಿಗೆ ನಿದ್ದೆ ಸುಳಿಯಲಿಲ್ಲ.

ಈಗ ಈ ಬೆಳಿಗ್ಗೆ. ಇದು ಕೊನೆಯ ನಿಲ್ದಾಣ. ಮಧ್ಯಾಹ್ನ ಉಂಡು ಹೊರಟರೆ ಸಂಜೆ ಊರಿನ ರೈಲು. ಊಟ ತಡವಾದರೆ ರೈಲು ತಪ್ಪುತ್ತದೆ, ನಲವತ್ತು ಜನ ಚಳಿಯಲ್ಲಿ ಬೀದಿಗೆ ಬೀಳುತ್ತಾರೆ. ಮ್ಯಾನೇಜರ್ ಬೆಳಗ್ಗೆಯೇ ಟಿಕೆಟ್ ಕೆಲಸಕ್ಕೆಂದು ಕೆಳಗಿನ ಸ್ಟೇಷನ್ನಿಗೆ ಹೋಗಿದ್ದಾರೆ. ತಿಂಡಿ ಮುಗಿಸಿದ ಪ್ರಯಾಣಿಕರು ಗುಡ್ಡ ಹತ್ತಲು ಹೊರಡುತ್ತಿದ್ದಾರೆ. ಹೆಂಡತಿ ಎದ್ದು, ಸ್ವೆಟರಿನ ತೋಳು ಮಡಚಿ, ಗಂಡನ ಕೈಯಿಂದ ಸೌಟು ಕಿತ್ತುಕೊಳ್ಳುತ್ತಾರೆ.

"ಹೋಗಿ. ನೋಡ್ಕೊಂಡು ಬನ್ನಿ."

"ತಲೆ ಕೆಟ್ಟಿದೆಯಾ ನಿಂಗೆ? ಇದು ಮನೆ ಅಡುಗೆ ಅಲ್ಲ. ಇಷ್ಟು ಎತ್ತರದಲ್ಲಿ ನೀರು ಬೇಗ ಕುದಿಯುತ್ತೆ, ಆದ್ರೆ ಅಕ್ಕಿ ಬೇಯಲ್ಲ. ಮೇಲೆ ಮುದ್ದೆ, ಒಳಗೆ ಗಟ್ಟಿ..."

"ಗೊತ್ತು. ರಾತ್ರಿಯೇ ಅಕ್ಕಿ ನೆನೆಸಿದೀನಿ. ಮುಚ್ಚಳದ ಮೇಲೆ ಎರಡು ಕಲ್ಲು ಹೇರಬೇಕು. ಸಿಲಿಂಡರ್ ಮಂಕಾದ್ರೆ ಟಬ್ಬಿನ ನೀರು ಬದಲಾಯಿಸಬೇಕು. ಗಾಳಿ ಬರೋ ಕಡೆ ತಗಡು ನಿಲ್ಲಿಸಬೇಕು."

ಅಡುಗೆಯಣ್ಣ ಬೆಪ್ಪಾಗಿ ನಿಲ್ಲುತ್ತಾರೆ. "ಇದೆಲ್ಲ ನಿಂಗೆ ಯಾರು ಹೇಳಿದ್ದು?"

"ನೀವೇ. ಫೋನಲ್ಲಿ. ಇಷ್ಟು ವರ್ಷ. ನೋಡಿದ ಜಾಗದ ಬಗ್ಗೆ ಹೇಳಿದ್ದೆಲ್ಲ ಬರೀ ಸುಳ್ಳು, ಒಲೆ ಬಗ್ಗೆ ಮಾತ್ರ ಒಂದೂ ಸುಳ್ಳು ಹೇಳಿಲ್ಲ ನೀವು."

ಇಷ್ಟಾದರೂ ಅಡುಗೆಯಣ್ಣನ ಕಾಲು ಮುಂದೆ ಬರುವುದಿಲ್ಲ. ಆಗ ಡ್ರೈವರ್ ಬಂದು ಅವರ ಭುಜ ಹಿಡಿದು ರಸ್ತೆಯ ಕಡೆ ತಿರುಗಿಸುತ್ತಾನೆ. "ಅಣ್ಣಾ, ಕೋತಿ ಬಂದ್ರೆ ನಾನಿದೀನಿ. ಸ್ಟೇರಿಂಗ್ ತಿರುಗಿಸಿ ಗಟ್ಟಿಯಾದ ಕೈ ಇದು." ಪ್ರಯಾಣಿಕರಲ್ಲಿ ಒಬ್ಬರಾದ ನಿವೃತ್ತ ಟೀಚರಮ್ಮ, "ಬನ್ನಿ ಬನ್ನಿ, ಹಿಂದೆ ಬೀಳಬೇಡಿ," ಎಂದು ಶಾಲೆಯಲ್ಲಿ ಮಕ್ಕಳನ್ನು ಸಾಲಿನಲ್ಲಿ ನಿಲ್ಲಿಸುವ ದನಿಯಲ್ಲಿ ಕರೆಯುತ್ತಾರೆ. ಆ ದನಿಗೆ ಎದುರಾಡುವುದು ಯಾರಿಂದಲೂ ಆಗದ ಕೆಲಸ.

ಮಂಕಿ ಟೋಪಿ, ಮೇಲೆ ಏಪ್ರನ್. ಏಪ್ರನ್ ಬಿಚ್ಚಲೂ ಮರೆತಿದ್ದಾರೆ. ದಾರಿಯುದ್ದಕ್ಕೂ ಮಂಜು, ಮುಂದಿನವರ ಬೆನ್ನೂ ಕಾಣದಷ್ಟು. ತುದಿಗೆ ಹೋದರೂ ಅದೇ ಬಿಳಿ ಪರದೆ. ಕೆಲವರು ಗೊಣಗಿಕೊಂಡು ಇಳಿದೇ ಬಿಡುತ್ತಾರೆ. ಅಡುಗೆಯಣ್ಣ ಕಂಬಿಯ ಬೇಲಿಗೆ ಬೆನ್ನು ಕೊಟ್ಟು, ಕೆಳಗೆ ನೀಲಿ ಟಾರ್ಪಾಲು ಎಲ್ಲಿದೆ ಎಂದು ಹುಡುಕುತ್ತಿದ್ದಾರೆ. ಹಬೆ ಏಳುತ್ತಿದೆಯೋ ಇಲ್ಲವೋ, ಕಲ್ಲು ಹೇರಿದಳೋ ಇಲ್ಲವೋ. ಟೀಚರಮ್ಮ ಅವರ ತೋಳು ಹಿಡಿದು ಎಳೆಯುತ್ತಾರೆ. "ಈ ಕಡೆ ತಿರುಗಿ. ಆ ಕಡೆ ದಿನಾ ನೋಡ್ತೀರಲ್ಲ."

ಅವರು ತಿರುಗುವ ಹೊತ್ತಿಗೆ ಮಂಜು ಒಡೆಯುತ್ತದೆ.

ಒಂದು ಶಿಖರವಲ್ಲ, ಎರಡಲ್ಲ. ಕಣ್ಣು ಹಾಯುವಷ್ಟು ದೂರ ಹಿಮದ ಸಾಲು, ಅದರ ಮೇಲೆ ಹೊಳೆಯುವ ಬಿಸಿಲು. ಜನ ಕೇಕೆ ಹಾಕುತ್ತಾರೆ, ಫೋನುಗಳು ಮೇಲೇಳುತ್ತವೆ. ಅಡುಗೆಯಣ್ಣನ ಬಳಿ ಫೋನು ಇದೆ, ತೆಗೆಯುವುದಿಲ್ಲ. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಳ್ಳುತ್ತಾರೆ. ಕಣ್ಣಿನಿಂದ ನೀರು ಇಳಿಯುತ್ತದೆ, ಅವರು ಒರೆಸಿಕೊಳ್ಳುವುದಿಲ್ಲ. "ಇಷ್ಟು ದೊಡ್ಡದನ್ನ ಬೆನ್ನ ಹಿಂದೆ ಇಟ್ಕೊಂಡು ಇಷ್ಟು ವರ್ಷ ಪಾತ್ರೆ ತಿಕ್ಕಿದೆನಲ್ಲಮ್ಮ," ಎನ್ನುತ್ತಾರೆ. ಅಳುತ್ತಿದ್ದಾರೋ ನಗುತ್ತಿದ್ದಾರೋ ಟೀಚರಮ್ಮನಿಗೆ ತಿಳಿಯುವುದಿಲ್ಲ. ಎರಡೂ ಇರಬೇಕು. ಮತ್ತೆ ಮಂಜು ಮುಚ್ಚುವವರೆಗೆ ಅವರು ಅಲ್ಲಿಂದ ಅಲುಗಾಡುವುದಿಲ್ಲ, ಕೆಳಗೆ ಒಲೆಯ ಕಡೆಗೂ ನೋಡುವುದಿಲ್ಲ.

ಕೆಳಗೆ ಏನೂ ಸಲೀಸಾಗಿ ನಡೆದಿಲ್ಲ. ನಡುವೆ ಉರಿ ಕುಗ್ಗಿದೆ, ಡ್ರೈವರ್ ಪಕ್ಕದ ಚಹಾ ಅಂಗಡಿಯಿಂದ ಬಿಸಿನೀರು ಹೊತ್ತು ತಂದಿದ್ದಾನೆ. ಕಲ್ಲು ಹೇರಿದರೂ ಮುಚ್ಚಳದ ಸಂದಿಯಿಂದ ಹಬೆ ಸೋರಿ ಹೋಗುತ್ತಿತ್ತು. ಹೆಂಡತಿ ಹಿಟ್ಟು ಕಲಸಿ, ಹಗ್ಗದಂತೆ ಹೊಸೆದು, ಪಾತ್ರೆಯ ಬಾಯಿಗೂ ಮುಚ್ಚಳಕ್ಕೂ ನಡುವೆ ಸುತ್ತಲೂ ಮೆತ್ತಿದ್ದಾರೆ. ಇದನ್ನು ಗಂಡ ಹೇಳಿಕೊಟ್ಟಿರಲಿಲ್ಲ. "ನಲವತ್ತು ಜನರ ರೈಲು ನನ್ನ ಕೈಯಲ್ಲಿದೆ ಅಂದ್ಕೊಂಡೆ ನೋಡಿ, ಕೈಗೆ ಬುದ್ಧಿ ತಾನಾಗೇ ಬಂತು," ಎಂದು ಆಮೇಲೆ ಅವರು ನಕ್ಕರು.

ಅಡುಗೆಯಣ್ಣ ಓಡೋಡಿ ಇಳಿದು ಬರುವಾಗ ತಟ್ಟೆಗಳು ಸಾಲಾಗಿ ಕೂತಿವೆ. ಹಿಟ್ಟಿನ ಬಳೆ ಒಡೆದು ಮುಚ್ಚಳ ಎತ್ತಿದಾಗ ಹಬೆ ಭುಸ್ಸೆಂದು ಏಳುತ್ತದೆ. ಅಡುಗೆಯಣ್ಣ ಒಂದು ಅಗುಳು ತೆಗೆದು ಬೆರಳಲ್ಲಿ ಹಿಸುಕುತ್ತಾರೆ. ಹೆಂಡತಿಯ ಮುಖ ನೋಡುತ್ತಾರೆ. ಆಕೆ, "ಹೇಗಿತ್ತು?" ಎಂದಷ್ಟೇ ಕೇಳುತ್ತಾರೆ. "ಸಂಜೆ ರೈಲಲ್ಲಿ ಹೇಳ್ತೀನಿ. ಈ ಸಲ ನಿಜಾನೇ," ಎನ್ನುತ್ತಾ ಅವರು ಬಡಿಸಲು ನಿಲ್ಲುತ್ತಾರೆ.

ಊಟ ಹೊತ್ತಿಗೆ ಸರಿಯಾಗಿ ಶುರುವಾಗುತ್ತದೆ. ಅಷ್ಟರಲ್ಲಿ ಸ್ಟೇಷನ್ನಿನಿಂದ ಬಂದ ಮ್ಯಾನೇಜರೂ ತಟ್ಟೆ ಹಿಡಿದು ಕೂರುತ್ತಾರೆ. ಬೆಳಗಿನಿಂದ ಇಲ್ಲಿ ನಡೆದದ್ದು ಅವರಿಗೆ ಗೊತ್ತಿಲ್ಲ. ಎರಡು ತುತ್ತು ಉಂಡು ತಲೆ ಎತ್ತುತ್ತಾರೆ.

"ಅಣ್ಣಾ, ಈ ಬೆಟ್ಟದಲ್ಲಿ ಪ್ರತಿಸಲ ಅನ್ನ ಸ್ವಲ್ಪ ಅಂಟಂಟು. ಇವತ್ತು ಮಲ್ಲಿಗೆ ಹೂವಿನ ಹಾಗಿದೆಯಲ್ಲ. ಏನು ಮಾಡಿದ್ರಿ?"

ಅಡುಗೆಯಣ್ಣ ಅವರ ತಟ್ಟೆಗೆ ಇನ್ನೊಂದು ಸೌಟು ಅನ್ನ ಹಾಕಿ, ಬೆನ್ನು ನೆಟ್ಟಗೆ ಮಾಡಿ ನಿಲ್ಲುತ್ತಾರೆ.

"ನಾನು ಮಾಡಿದ್ದಲ್ಲ ಸಾರ್. ನಾನು ಬೆಟ್ಟ ನೋಡೋಕೆ ಹೋಗಿದ್ದೆ."