ಪರ್ಷಿಯಾದ ರಾಜನ ಮುಂದೆ ನನ್ನ ಮೊಮ್ಮಗಳು

ಶಾಲೆಯ ವಾರ್ಷಿಕೋತ್ಸವಕ್ಕೆ ಪರ್ಷಿಯಾದ ಹಳೆಯ ಸಾಮ್ರಾಜ್ಯದ ನಾಟಕ ಎಂದು ಮೊಮ್ಮಗಳು ಹೇಳಿದಾಗ ನಾನು ಕಿವಿಯೂ ಕೊಡಲಿಲ್ಲ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಗಲ್ಫಿನಲ್ಲಿ ನಾವಿರುವ ಫಹಾಹೀಲಿನ ದಡದಲ್ಲಿ ನಿಂತರೆ ಕಾಣುವ ಈ ನೀರಿನ ಆಚೆಗೆ ಆ ರಾಜರ ದೇಶವಿತ್ತು, ಅವರ ಆಳ್ವಿಕೆ ಸಿಂಧೂ ನದಿಯವರೆಗೂ ಇತ್ತು ಎಂದು ಅವಳೇ ಹೇಳಿದ್ದು. ಇದ್ದರೆ ಇರಲಿ, ನನಗೇನು ಎಂದುಕೊಂಡೆ.

ಅವಳಿಗೆ ರಾಣಿಯ ಪಾರ್ಟು ಬೇಕಿತ್ತು. ಮಾತುಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡಿದ್ದಳು. ಟೀಚರು ಕೊಟ್ಟದ್ದು ಇಂಡಿಯಾದಿಂದ ರಾಜನಿಗೆ ಚಿನ್ನದ ಪುಡಿ ಹೊತ್ತು ತರುವ ಆಳಿನ ಪಾರ್ಟು. ಮಾತಿಲ್ಲ. ಹೆಗಲ ಮೇಲೆ ಕಾವಡಿ, ಎರಡು ಬದಿಗೆ ಬುಟ್ಟಿ, ಮಂಡಿಯಲ್ಲಿ ತೆವಳಿ ರಾಜನ ಕಾಲಬುಡದಲ್ಲಿ ಇಡಬೇಕು. ಆ ಶಾಲೆಯಲ್ಲಿ ಓದುವವರೆಲ್ಲ ಇಂಡಿಯಾದ ಮಕ್ಕಳೇ. ಹಾಗಿದ್ದ ಮೇಲೆ ನೀನೇ ಯಾಕೆ ಎಂದು ಕೇಳಿದೆ.

"ಟೀಚರ್ ಸೆಡ್, ನಂಗೆ ಮೇಕಪ್ ಬೇಡ ಅಂತ. ಕಲರ್ ಆಲ್ರೆಡಿ ಸರಿ ಉಂಟಂತೆ."

ನಗುತ್ತಲೇ ಹೇಳಿದಳು. ಅಂಥ ಮಾತನ್ನು ನಗುತ್ತ ಹೇಳಲು ಮಗು ಎಲ್ಲಿ ಕಲಿಯಿತು? ನಮ್ಮ ಮನೆಯಲ್ಲೇ. ಅವಳ ಅಮ್ಮ, ಅಂದರೆ ನನ್ನ ಮಗಳು, ದಿನಾ ಬೆಳಿಗ್ಗೆ ಅವಳ ಮುಖಕ್ಕೆ ಬೆಳ್ಳಗಾಗುವ ಕ್ರೀಮು ತಿಕ್ಕುತ್ತಾಳೆ.

ರಿಹರ್ಸಲಿನಲ್ಲಿ ಮಂಡಿಯೂರಿದ್ದೇ ತಡ, ಬುಟ್ಟಿಗಳು ನೆಲಕ್ಕೆ ಬಡಿದು ಮಿನುಗುಪುಡಿ ಚೆಲ್ಲಿತು. ಮಕ್ಕಳೆಲ್ಲ ನಕ್ಕರು, ಟೀಚರು ಬೈದರು. ನನ್ನಪ್ಪ ಕಾವಡಿಯಲ್ಲಿ ಮೀನು ಹೊತ್ತು ಮಾರಿದವನು. ಕಾವಡಿ ಹೊತ್ತು ಮಂಡಿಯೂರಿದರೆ ಬುಟ್ಟಿ ಬಡಿಯದೆ ಇನ್ನೇನಾಗುತ್ತದೆ? ಆ ದಿನ ಮನೆಗೆ ಬಂದ ಹುಡುಗಿ ನಗಲಿಲ್ಲ. ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು.

ಶಾಲೆಗೆ ಹೋಗುತ್ತೇನೆ ಎಂದೆ. ಮಗಳು ಅಡ್ಡ ಬಂದಳು.

"ನೀವು ಎಂತ ಮಾಡ್ಲಿಕ್ಕೆ ಹೋಗುದಮ್ಮ? ಸ್ಟೇಜಲ್ಲಿ ಇದ್ದಾಳಲ್ಲ, ಸಾಕು. ಖಲಾಸ್."

"ಖಲಾಸ್ ಅಂತ ನಿನ್ನ ಕ್ರೀಮಿನ ಡಬ್ಬಿಗೆ ಹೇಳು."

ಹೋಗುವ ಮೊದಲು, ನಿನ್ನ ಪಾಠದ ಪುಸ್ತಕದಲ್ಲಿರುವ ಚಿತ್ರ ತೋರಿಸು ಎಂದು ಮೊಮ್ಮಗಳಿಗೆ ಹೇಳಿದೆ. ಆ ರಾಜನ ಅರಮನೆಯ ಮೆಟ್ಟಿಲಿನ ಗೋಡೆಯಂತೆ. ಊರೂರಿನ ಜನ ಕುದುರೆ, ಒಂಟೆ, ಬಟ್ಟೆ, ಪಾತ್ರೆ ತರುವುದನ್ನು ಕಲ್ಲಿನಲ್ಲಿ ಕೆತ್ತಿದ್ದಾರೆ. ನಮ್ಮವರೂ ಇದ್ದಾರೆ: ಬರೀ ಮೈ, ಸೊಂಟಕ್ಕೆ ಪಂಚೆ, ಹೆಗಲಿಗೆ ಕಾವಡಿ. ಮುಂದಿನವನ ಕೈಯನ್ನು ಅರಮನೆಯವನೊಬ್ಬ ಹಿಡಿದು ಕರೆದುಕೊಂಡು ಹೋಗುತ್ತಿದ್ದಾನೆ. ಮಂಡಿಯೂರಿದವರು ಒಬ್ಬರೂ ಇಲ್ಲ. ಆ ರಾಜನೇನು ಸಾಧುವಲ್ಲ. ಕಂಡವರ ಊರನ್ನೆಲ್ಲ ಗೆದ್ದು, ಚಿನ್ನ ತರಿಸಿಕೊಂಡು, ಅದನ್ನೇ ಗೋಡೆಯ ಮೇಲೆ ಕೆತ್ತಿಸಿ ಮೆರೆದವನು. ಅಷ್ಟು ಸೊಕ್ಕಿನವನೂ ತನ್ನ ಗೋಡೆಯಲ್ಲಿ ಅವರನ್ನು ನೆಟ್ಟಗೆ ನಿಲ್ಲಿಸಿದ್ದಾನೆ. ಈ ಟೀಚರಿಗೆ ಅದು ಸಾಲದು. ಪುಸ್ತಕ ಹಿಡಿದುಕೊಂಡು ಶಾಲೆಗೆ ಹೋದೆ.

"ಆಂಟಿ, ಇದು ಡ್ರಾಮಾ. ತೆವಳಿದ್ರೇ ರಾಜನ ಪವರ್ ಕಾಣುದು," ಎಂದರು ಟೀಚರು. ಚಿತ್ರದತ್ತ ನೋಡಲೂ ಇಲ್ಲ.

"ನಿಮ್ಮ ಮಗಳಾಗಿದ್ರೆ ತೆವಳಿಸ್ತಿದ್ರಾ?"

"ನನ್ನ ಮಗಳೇ ರಾಣಿ ಅಲ್ವಾ?" ಎಂದರು. ಒಂಚೂರು ನಾಚಿಕೆಯಿಲ್ಲ. ಇಷ್ಟವಿಲ್ಲದಿದ್ದರೆ ಹುಡುಗಿಯನ್ನು ನಾಟಕದಿಂದ ಬಿಡಿಸಿ ಎಂದೂ ಹೇಳಿದರು.

ಬಿಡಿಸಲೇ ಎಂದು ಮೊಮ್ಮಗಳನ್ನೇ ಕೇಳಿದೆ.

"ನೋ ಅಜ್ಜಿ. ಸ್ಟೇಜಿಗೆ ಹೋಗ್ತೇನೆ. ಬಟ್ ಕ್ರಾಲ್ ಮಾಡಲ್ಲ."

"ಟೀಚರು ಬೈತಾರೆ."

"ಐ ನೋ."

ನೆಲ ಒರೆಸುವ ಕೋಲಿಗೆ ಎರಡು ಚೀಲ ಕಟ್ಟಿ ಕಾರಿಡಾರಿನಲ್ಲಿ ಅವಳನ್ನು ನಡೆಸಿದೆ. ಹೆಗಲು ಸಡಿಲ ಬಿಡು, ತಲೆ ಎತ್ತು, ಕೋಲು ಕುಣಿದಂತೆ ಹೆಜ್ಜೆ ಹಾಕು. ಎದುರು ಮನೆಯ ಹೆಂಗಸು ಬಾಗಿಲು ತೆರೆದು ನೋಡಿ ಮುಚ್ಚಿಕೊಂಡಳು.

ನಾಟಕದ ದಿನ ರಾಜನಿಗೆ ಕಾಣಿಕೆ ತರುವ ಉಳಿದ ಮಕ್ಕಳೆಲ್ಲ ತೆವಳಿದರು. ಇವಳು ನಡೆದುಬಂದಳು. ಪರದೆಯ ಪಕ್ಕದಿಂದ "ಡೌನ್! ಡೌನ್!" ಎಂದು ಟೀಚರು ಹಲ್ಲು ಕಚ್ಚಿದ್ದು ಮುಂದಿನ ಸಾಲಿನಲ್ಲಿದ್ದ ನನಗೂ ಕೇಳಿಸಿತು. ಹುಡುಗಿ ರಾಜನ ಎದುರು ನಿಂತು, ಕಾವಡಿ ಇಳಿಸಿ, ತಿರುಗಿ ನಡೆದಳು. ಸಿಂಹಾಸನದ ಮೇಲಿದ್ದ ಹುಡುಗ ತನ್ನ ಮಾತು ಮರೆತು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ. ಚಪ್ಪಾಳೆಯೇನೂ ಬೀಳಲಿಲ್ಲ.

ಕಾರಿನಲ್ಲಿ ಮಗಳು ಕಿಟಕಿಯ ಕಡೆಗೇ ಮುಖ ಮಾಡಿ ಹೇಳಿದಳು: "ಬರುವ ವರ್ಷದಿಂದ ಇವಳು ಯಾವ ನಾಟಕದಲ್ಲೂ ಬೇಡ ಅಂತ ಟೀಚರ್ ಹೇಳಿಬಿಟ್ರು. ಸಂತೋಷ ಆಯ್ತಾ ನಿಮ್ಗೆ?"

"ಆಯ್ತು," ಎಂದೆ.

ಸುಳ್ಳು. ನೆಟ್ಟಗೆ ನಡೆದದ್ದಕ್ಕೆ ಒಂದು ಮಗುವನ್ನು ಹೊರಗೆ ಕೂರಿಸುವವರ ಮೇಲೆ ಆಗ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ. ಇಳಿಸಿಕೊಳ್ಳುವ ಮನಸ್ಸೂ ನನಗಿಲ್ಲ.