ವಿಯೆನ್ನಾದ ಅನ್ನದ ಕುಕ್ಕರ್

ಟೆಕ್ಸಸ್ಸಿನ ನಮ್ಮ ಕನ್ನಡದ ಮಂದಿಯಲ್ಲಿ ಯಾರೇ ದೇಶ ಸುತ್ತಿ ಬಂದರೂ ಒಂದು ಭಾನುವಾರ ಊಟಕ್ಕೆ ಕರೆದು ಫೋಟೋ ತೋರಿಸಲೇಬೇಕು. ಚಿತ್ರಾನ್ನ, ಪಲ್ಯ, ಹಿಲ್‌ಕ್ರಾಫ್ಟಿನ ಇಂಡಿಯನ್ ಅಂಗಡಿಯಿಂದ ತಂದ ಸಿಹಿ, ಆಮೇಲೆ ಗೋಡೆಯಗಲದ ಟಿವಿಯಲ್ಲಿ ಮುಗಿಯದಷ್ಟು ಫೋಟೋ. ಅರ್ಧ ಜನ ಸೋಫಾದಲ್ಲೇ ತೂಕಡಿಸುತ್ತಾರೆ. ಕರೆಯದಿದ್ದರೆ ಅದೇ ಜನ ಮುನಿಸಿಕೊಳ್ಳುತ್ತಾರೆ. ನಾನೂ ಗೆಳೆಯನೂ ಹೋದ ವರ್ಷ ಬೆನ್ನಿಗೆ ಚೀಲ ಹಾಕಿಕೊಂಡು ಯುರೋಪ್ ಸುತ್ತಿ ಬಂದ ಮೇಲೆ ಇಂಥ ಊಟ ಮೂರು ಸಲ ಆಯಿತು. ಹ್ಯೂಸ್ಟನ್ನಿನಲ್ಲಿ ನಮ್ಮ ಮನೆಯಲ್ಲಿ, ಡಾಲಸ್‌ನಲ್ಲಿ ಅವನ ಮನೆಯಲ್ಲಿ, ಆಸ್ಟಿನ್‌ನಲ್ಲಿ ಅವನ ಮಗನ ಮನೆಯಲ್ಲಿ. ಮೂರು ಕಡೆಯೂ ನಾನು ಹೊಟ್ಟೆ ತುಂಬ ಉಂಡೆ, ಮೂರು ಕಡೆಯೂ ನನ್ನ ಮರ್ಯಾದೆ ಉಳಿಯಿತು. ಅದನ್ನು ನೆನೆದರೆ ಈಗ ಊಟ ಸೇರುವುದಿಲ್ಲ.

ಗೆಳೆಯ ಹುಬ್ಬಳ್ಳಿಯವನು. ಡಾಲಸ್‌ನಲ್ಲಿ ದಿನಸಿ ಅಂಗಡಿ ಇಟ್ಟು, ಅದನ್ನು ಬೆಳೆಸಿ, ಮಗನನ್ನು ಓದಿಸಿದವನು. ನಾನು ಮೈಸೂರಿನವನು, ಹ್ಯೂಸ್ಟನ್ನಿನ ಕ್ಲಿಯರ್ ಲೇಕಿನಲ್ಲಿ ಎಂಜಿನಿಯರಾಗಿ ದುಡಿದು ನಿವೃತ್ತನಾದವನು. ನನ್ನ ಕೆಲಸವೇ ವಿದ್ಯುತ್ತಿನದು. ಯಾವ ಉಪಕರಣಕ್ಕೆ ಎಷ್ಟು ವೋಲ್ಟೇಜ್ ಕೊಡಬೇಕು, ಹೆಚ್ಚಾದರೆ ಏನಾಗುತ್ತದೆ ಎಂದು ಪರೀಕ್ಷೆ ಮಾಡಿಯೇ ನನ್ನ ತಲೆ ಬೆಳ್ಳಗಾಯಿತು. ಇದನ್ನು ಬಡಾಯಿಗೆ ಹೇಳುತ್ತಿಲ್ಲ, ಮುಂದಿನದನ್ನು ಓದುವಾಗ ನೆನಪಿರಲಿ ಎಂದು ಹೇಳುತ್ತಿದ್ದೇನೆ. ನಮ್ಮಿಬ್ಬರ ವಯಸ್ಸಿನಲ್ಲಿ ಅಂತರ ಹೆಚ್ಚಿಲ್ಲ. ಆದರೂ ಪರಿಚಯವಾದಾಗಿನಿಂದ ಅವನು ನನ್ನನ್ನು ಸರ್ ಎನ್ನುತ್ತಾನೆ, ನಾನು ಅವನನ್ನು ಏಕವಚನದಲ್ಲಿ ಕರೆಯುತ್ತೇನೆ. ಸರ್ ಎಲ್ಲ ಬೇಡ ಮಾರಾಯ ಎಂದು ನಾನು ಒಮ್ಮೆಯೂ ಹೇಳಿಲ್ಲ.

ಪ್ಯಾರಿಸ್‌ನಲ್ಲಿ ಇಳಿದು, ರೈಲಿನ ಪಾಸು ಹಿಡಿದು ಮ್ಯೂನಿಕ್, ವಿಯೆನ್ನಾ, ಬುಡಾಪೆಸ್ಟ್ ನೋಡುವುದು, ಹಾಸ್ಟೆಲ್ಲುಗಳಲ್ಲಿ ಮಲಗುವುದು ಎಂದು ಯೋಜನೆ ಹಾಕಿದವನು ನಾನೇ. ಈ ವಯಸ್ಸಿಗೆ ಕ್ರೂಸ್ ಹತ್ತುವ ನಮ್ಮವರ ಮುಂದೆ ಬೆನ್ನುಚೀಲದ ಪ್ರವಾಸ ಎಂದು ಹೇಳಿಕೊಳ್ಳುವುದರಲ್ಲಿ ಒಂದು ಜಂಬವಿತ್ತು. ಅಭ್ಯಾಸಕ್ಕೆಂದು ಸೋನಾ ಮಸೂರಿ ಅಕ್ಕಿಯ ಚೀಲವನ್ನು ಬೆನ್ನಿಗೇರಿಸಿಕೊಂಡು ನಾನು ಬೀದಿ ಸುತ್ತುತ್ತಿದ್ದರೆ ಅಕ್ಕಪಕ್ಕದ ಅಮೆರಿಕನ್ನರು ಕಾರು ನಿಲ್ಲಿಸಿ ಎಲ್ಲಿಗಾದರೂ ಬಿಡಬೇಕೇ ಎಂದು ಕೇಳುತ್ತಿದ್ದರು. ಎಲ್ಲವನ್ನೂ ತೂಕ ಮಾಡಿ ಕಟ್ಟಿದೆ. ಎರಡನೇ ಸ್ವೆಟರನ್ನು ತೆಗೆದಿಟ್ಟು ಆ ಜಾಗದಲ್ಲಿ ಮನೆಯ ಪುಟ್ಟ ಅನ್ನದ ಕುಕ್ಕರನ್ನು ತುರುಕಿದೆ.

ವಿಮಾನ ನಿಲ್ದಾಣದಲ್ಲಿ ತಪಾಸಣೆಯವರು ಅದನ್ನು ಹೊರಗೆ ತೆಗೆಸಿದಾಗ ಗೆಳೆಯ ಕಣ್ಣರಳಿಸಿದ.

"ಇದ್ಯಾಕ್ರಿ ಸರ್? ಬ್ರೆಡ್ ತಿಂದು ದಿನಾ ನೂಕೂಣ್ರಿ. ಅನ್ನ ಮನ್ಯಾಗ ಇದ್ದ ಅದ."

"ನಿನಗೆ ಗೊತ್ತಾಗಲ್ಲ, ಸುಮ್ನಿರು. ಅಲ್ಲಿ ನನ್ನ ಹೊಟ್ಟೆ ಕೆಟ್ಟರೆ ನೋಡ್ಕೊಳ್ಳೋರು ಯಾರು?" ಎಂದು ಗದರಿದೆ. ಪಾಪ, ಕುಕ್ಕರನ್ನು ತಾನೇ ನನ್ನ ಚೀಲಕ್ಕೆ ಮರಳಿ ತುರುಕಿದ.

ಪ್ಯಾರಿಸ್‌ನಲ್ಲೂ ಮ್ಯೂನಿಕ್‌ನಲ್ಲೂ ಹಾಸ್ಟೆಲ್ಲಿನ ಅಡುಗೆಮನೆಯಲ್ಲಿ ಒಲೆಯಿತ್ತು, ಕುಕ್ಕರ್ ಚೀಲದಿಂದ ಹೊರಗೆ ಬರಲಿಲ್ಲ. ನಾನು ಎಲ್ಲದಕ್ಕೂ ಗೊಣಗುತ್ತಿದ್ದೆ, ಅವನು ನಗುತ್ತಿದ್ದ. ಅವನಿಗೆ ಎಲ್ಲವೂ ಸೊಗಸು. ಮೇಲಿನ ಮಂಚ ಹತ್ತಲು ನಾನು ಒದ್ದಾಡುತ್ತೇನೆಂದು ಎಲ್ಲ ಊರಿನಲ್ಲೂ ಕೆಳಗಿನದನ್ನು ನನಗೇ ಬಿಟ್ಟುಕೊಟ್ಟ. ತನ್ನ ಹೊಟ್ಟೆಯನ್ನು ಮೇಲಕ್ಕೆ ಎಳೆದುಕೊಂಡು ಏಣಿ ಹತ್ತುವಾಗ ತಾನೇ ನಗುತ್ತಿದ್ದ, ಆ ಕೋಣೆಯ ಹುಡುಗರೂ ಅವನ ಜೊತೆ ನಗುತ್ತಿದ್ದರು. ನನ್ನ ಜೊತೆ ಯಾರೂ ನಗಲಿಲ್ಲ.

ಮ್ಯೂನಿಕ್‌ನಿಂದ ವಿಯೆನ್ನಾಗೆ ಹೋಗುವ ರೈಲಿನಲ್ಲಿ, ಅವನು ಈ ಪ್ರವಾಸಕ್ಕೆ ಒಪ್ಪಿದ್ದು ಯಾಕೆ ಎಂದು ತಿಳಿಯಿತು. ಅವನ ಮಗ ಆಸ್ಟಿನ್‌ನಲ್ಲಿ ಡೊಮೇನ್ ಎಂಬ ಬಡಾವಣೆಯ ಹತ್ತಿರ ಕೆಲಸ ಮಾಡುತ್ತಾನೆ. ಪ್ರತಿವರ್ಷ ಚೀಲ ಹೊತ್ತು ಎಲ್ಲಾದರೂ ನಡೆಯಲು ಹೋಗುತ್ತಾನೆ.

"ನನಗೂ ಒಮ್ಮೆ ಅವನ ಕೂಡ ಹೋಗಬೇಕಂತ ಭಾಳ ಆಸೆ ಅದರಿ" ಎಂದ, ಕಿಟಕಿಯ ಕಡೆ ನೋಡುತ್ತಲೇ. "ಅಪ್ಪಗ ಏನೂ ತಿಳಿಯಂಗಿಲ್ಲ, ಅಲ್ಲಿ ಸಂಬಾಳಿಸಲಿಕ್ಕೆ ಆಗಂಗಿಲ್ಲ ಅಂತಾನ. ಮುಂದಿನ ವರ್ಷ ಪೋರ್ಚುಗಲ್‌ಗೆ ಹೊಂಟಾನ. ನಿಮ್ಮ ಕೂಡ ಇದೊಂದು ನೆಟ್ಟಗ ಮುಗಿಸಿ ತೋರಿಸಿದ್ರ ಕರಕೊಂಡು ಹೋಗಬಹುದು."

"ಖಂಡಿತ ಕರ್ಕೊಂಡು ಹೋಗ್ತಾನೆ. ನಾನೇ ಹೇಳ್ತೀನಿ ಅವನಿಗೆ" ಎಂದೆ. ದೊಡ್ಡ ಮನುಷ್ಯನ ಹಾಗೆ ಅವನ ಭುಜ ತಟ್ಟಿದೆ ಕೂಡ.

ವಿಯೆನ್ನಾದ ಹಾಸ್ಟೆಲ್ಲಿನಲ್ಲಿ ಅಡುಗೆಮನೆ ಬೆಳಿಗ್ಗೆ ಮುಚ್ಚಿರುತ್ತಿತ್ತು. ಗೆಳೆಯ ಸ್ನಾನಕ್ಕೆ ಹೋಗಿದ್ದ, ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಕೋಣೆಯಲ್ಲಿ ಅಡುಗೆ ಮಾಡಬಾರದೆಂದು ಗೋಡೆಯ ಮೇಲೆ ಬರೆದಿತ್ತು, ನಾನು ಓದಿಯೂ ಇದ್ದೆ. ಅದೆಲ್ಲ ಹುಡುಗರಿಗೆ ಹಾಕಿದ ನಿಯಮ ಅನ್ನಿಸಿತು. ಅಕ್ಕಿ ತೊಳೆದು ನೀರಿಟ್ಟೆ, ಫೋನ್ ಚಾರ್ಜ್ ಮಾಡುತ್ತಿದ್ದ ಅಡಾಪ್ಟರಿಗೆ ಕುಕ್ಕರಿನ ಪ್ಲಗ್ ಸಿಕ್ಕಿಸಿ ಸ್ವಿಚ್ ಒತ್ತಿದೆ. ಅಮೆರಿಕದ ಕರೆಂಟು ನೂರಿಪ್ಪತ್ತು ವೋಲ್ಟ್, ಯುರೋಪಿನದು ಇನ್ನೂರ ಮೂವತ್ತು. ಅಡಾಪ್ಟರು ಪಿನ್ನಿನ ಆಕಾರ ಬದಲಿಸುತ್ತದೆಯೇ ಹೊರತು ಕರೆಂಟನ್ನಲ್ಲ. ಫೋನು, ಲ್ಯಾಪ್‌ಟಾಪು ಎರಡನ್ನೂ ತಾಳಿಕೊಳ್ಳುತ್ತವೆ, ಹ್ಯೂಸ್ಟನ್ನಿನ ಕುಕ್ಕರ್ ತಾಳಿಕೊಳ್ಳುವುದಿಲ್ಲ. ಮೈಸೂರಿನ ಮನೆಯಲ್ಲೂ ಇನ್ನೂರ ಮೂವತ್ತೇ ಇತ್ತು. ಅದರಲ್ಲಿ ಬೆಳೆದವನು, ನೂರಿಪ್ಪತ್ತರಲ್ಲಿ ಮುದುಕನಾದವನು. ಎರಡೂ ನನಗೆ ಮನೆಯ ಕರೆಂಟೇ. ಒಂದಿಷ್ಟೂ ಅನುಮಾನ ಬರಲಿಲ್ಲ.

ಮೊದಲು ಗುಂಯ್ ಎಂದಿತು. ಆಮೇಲೆ ಪ್ಲಾಸ್ಟಿಕ್ ಸುಟ್ಟ ವಾಸನೆ, ಹೊಗೆ, ಕಿವಿ ಕಿತ್ತುಹೋಗುವಂಥ ಅಲಾರಂ.

ಇಡೀ ಹಾಸ್ಟೆಲ್ಲು ಬೀದಿಗೆ ಬಂತು. ಚಳಿಯಲ್ಲಿ ಚಡ್ಡಿ ಹಾಕಿಕೊಂಡ ಹುಡುಗರು, ತಲೆಯಲ್ಲಿ ಶಾಂಪೂ ನೊರೆಯಿಟ್ಟುಕೊಂಡೇ ಓಡಿಬಂದ ಹುಡುಗಿ. ಗೆಳೆಯ ಟವಲ್ ಸುತ್ತಿಕೊಂಡು ಬಂದ. ಕೆಂಪು ಗಾಡಿ ಬಂತು, ಅಗ್ನಿಶಾಮಕ ದಳದವರು ಒಳಗೆ ಹೋಗಿ ಬಂದರು. ಕೊನೆಗೆ ಹಾಸ್ಟೆಲ್ಲಿನ ಮ್ಯಾನೇಜರ್ ಹೆಂಗಸು, ತಳ ಸುಟ್ಟು ಕಪ್ಪಾದ ಕುಕ್ಕರನ್ನು ಬಟ್ಟೆಯಲ್ಲಿ ಹಿಡಿದುಕೊಂಡು ಎಲ್ಲರ ಮುಂದೆ ನಿಂತು, ಇದು ಯಾರದು ಎಂದು ಕೇಳಿದಳು.

ನಾನು ಕೈ ಎತ್ತಲಿಲ್ಲ. ಗೆಳೆಯ ಒಮ್ಮೆ ನನ್ನ ಮುಖ ನೋಡಿದ. ಅಲ್ಲಿ ಏನು ಕಂಡನೋ, ಕೈ ಎತ್ತಿಬಿಟ್ಟ.

"ಮೈನ್, ಮೇಡಂ. ವೆರಿ ಸಾರಿ."

ಅವಳು ಚಿಕ್ಕ ಮಗುವಿಗೆ ಬೈಯುವ ಹಾಗೆ ಬೆರಳಾಡಿಸಿ ಬೈದಳು. ಅವನು ಟವಲ್ ಹಿಡಿದುಕೊಂಡು ತಲೆತಗ್ಗಿಸಿ ಕೇಳಿಸಿಕೊಂಡ. ಇಷ್ಟಕ್ಕೇ ನಿಂತಿದ್ದರೆ ಹೆದರಿಕೆಯಲ್ಲಿ ನಾಲಿಗೆ ಏಳಲಿಲ್ಲ ಎಂದಾದರೂ ನನ್ನನ್ನು ನಾನು ಸಮಾಧಾನ ಮಾಡಿಕೊಳ್ಳಬಹುದಿತ್ತು. ಆದರೆ ನಾಲಿಗೆ ಎದ್ದಿತು. ನಾನು ಮುಂದೆ ಹೋಗಿ ನನ್ನ ಒಳ್ಳೆಯ ಇಂಗ್ಲಿಷಿನಲ್ಲಿ, ಇವನಿಗೆ ವೋಲ್ಟೇಜಿನ ವಿಷಯ ಗೊತ್ತಿಲ್ಲ, ನಾನು ಎಂಜಿನಿಯರ್, ಇವನಿಗೆ ಬಿಡಿಸಿ ಹೇಳುತ್ತೇನೆ ಎಂದೆ. ಅವಳು ನನಗೆ ಥ್ಯಾಂಕ್ಸ್ ಹೇಳಿದಳು.

ಆಮೇಲೆ ಅಲ್ಲಿಂದ ಹೊರಹಾಕಿಸಿಕೊಂಡು, ಚೀಲ ಕಟ್ಟಿಕೊಂಡು ಬೇರೆ ಹಾಸ್ಟೆಲ್ ಹುಡುಕುತ್ತಾ ನಡೆಯುವಾಗ ನಾನೇ ಮಾತೆತ್ತಿದೆ. "ಯಾಕೆ ಹಾಗೆ ಹೇಳಿದೆ?"

"ಇರ್ಲಿ ಬಿಡ್ರಿ ಸರ್. ನಿಮ್ಮಂಥವರಿಗೆ ಅದು ಭಾಳ ನಾಚಿಕೆ. ನನಗೇನು, ನಾ ಅಂಗಡಿ ಮನಷ್ಯಾ."

ನಾನು ಬಿಟ್ಟುಬಿಟ್ಟೆ. ಬಿಡಿ ಎಂದರೆ ಬಿಡುವುದು ಎಷ್ಟು ಸುಲಭ ನೋಡಿ.

ಹ್ಯೂಸ್ಟನ್ನಿನ ಊಟದ ದಿನ ಟಿವಿಯಲ್ಲಿ ಕೆಂಪು ಗಾಡಿಯ ಫೋಟೋ ಬಂತು. ಇದೇನಿದು ಎಂದು ಯಾರೋ ಕೇಳಿದರು. ನಾನು ಅವಸರವಾಗಿ ಸಾರಿನ ಪಾತ್ರೆ ಎತ್ತಿಕೊಂಡು ಬಡಿಸಲು ಹೋದೆ. ಗೆಳೆಯ, "ಅದು ನನ್ನ ಕಿತಾಪತಿರಿ" ಎಂದು ಶುರುಮಾಡಿದ. ನಕ್ಕು ನಕ್ಕು ಎಲ್ಲರ ಕಣ್ಣಲ್ಲಿ ನೀರು. ಕುಕ್ಕರ್ ಎಲ್ಲಿ ಎಂದು ಮನೆಗೆ ಬಂದ ದಿನವೇ ಕೇಳಿದ್ದ ನನ್ನ ಹೆಂಡತಿ ಮಾತ್ರ ನಗಲಿಲ್ಲ. ಕಳೆದುಹೋಯಿತು ಎಂದು ಅವಳಿಗೆ ಹೇಳಿದ್ದೆ. ಅವಳು ನನ್ನನ್ನೇ ಒಂದು ಕ್ಷಣ ನೋಡಿ ಒಳಗೆ ಹೋದಳು.

ಡಾಲಸ್‌ನಲ್ಲಿ ಅದನ್ನು ಹೇಳಿದವನು ನಾನು. ಊಟಕ್ಕೆ ಬಂದಿದ್ದ ಅಲ್ಲಿನ ಡಾಕ್ಟರುಗಳು ಕುಕ್ಕರಿನ ಕಥೆ ಬೇಕು ಎಂದು ಹಟ ಹಿಡಿದರು. ಗೆಳೆಯ ಅಡುಗೆಮನೆಯಲ್ಲಿ ರೊಟ್ಟಿ ಬಿಸಿ ಮಾಡುತ್ತಿದ್ದ. ಅವನ ಮಾತಿನ ಧಾಟಿಯಲ್ಲೇ, ಟವಲ್ ಜಾರುವುದನ್ನೂ ಅಭಿನಯಿಸಿ, ಒಗ್ಗರಣೆ ಹಾಕಿ ಹೇಳಿದೆ. ಅವನ ಮನೆಯಲ್ಲಿ ಕೂತು, ಅವನ ರೊಟ್ಟಿಗೆ ಕಾಯುತ್ತಾ. ಇದಕ್ಕಿಂತ ಕೀಳಾದದ್ದನ್ನು ನಾನು ಜೀವಮಾನದಲ್ಲಿ ಮಾಡಿದ ನೆನಪಿಲ್ಲ. ಚೆನ್ನಾಗಿ ಹೇಳಿದಿರಿ ಸರ್ ಎಂದು ಅವರೆಲ್ಲ ಚಪ್ಪಾಳೆ ತಟ್ಟಿದರು.

ಕುಕ್ಕರಿನ ಕಥೆ ಆಗಲೇ ಆಸ್ಟಿನ್‌ಗೂ ಮುಟ್ಟಿತ್ತು. ಅಲ್ಲಿ ಅವನ ಮಗನ ಮನೆಯ ಊಟ ಮುಗಿಯುವ ಹೊತ್ತಿಗೆ ಪೋರ್ಚುಗಲ್ಲಿನ ಮಾತು ಬಂತು. ಗೆಳೆಯ ಮೊಸರನ್ನ ಕಲಸುತ್ತಾ, ಏನೂ ದೊಡ್ಡ ವಿಷಯವಲ್ಲ ಎಂಬಂತೆ ಮಗನನ್ನು ಕೇಳಿದ.

"ನಾನೂ ಬರ್ಲೇನೋ, ತಮ್ಮಾ? ಈಗ ನನಗೂ ರೂಢಿ ಆಗೇದ."

"ಅಪ್ಪಾ, ನೋ ವೇ!" ಮಗ ನಕ್ಕ. "ಯೂ ವಿಲ್ ಬರ್ನ್ ದ ಹೋಲ್ ಪ್ಲೇಸ್!"

ಎಲ್ಲರೂ ನಕ್ಕರು. ಗೆಳೆಯನೂ ನಕ್ಕ. ನಗುತ್ತಲೇ ಅವನ ಕೈ ತಟ್ಟೆಯಲ್ಲಿ ನಿಂತುಹೋದದ್ದನ್ನು ನಾನು ನೋಡಿದೆ. ರೈಲಿನ ಕಿಟಕಿಯ ಪಕ್ಕ ಅವನು ಆಡಿದ ಮಾತು ನೆನಪಾಗಿ ಕೂತಲ್ಲಿ ಕೂರಲಾಗಲಿಲ್ಲ.

"ಕುಕ್ಕರ್ ಅವನದಲ್ಲ" ಎಂದೆ. ದನಿ ಜೋರಾಯಿತು. "ಅದು ನಂದು. ಸ್ವಿಚ್ ಹಾಕಿದ್ದೂ ನಾನೇ. ಇವನು ಸ್ನಾನಕ್ಕೆ ಹೋಗಿದ್ದ."

ಎಲ್ಲರೂ ನನ್ನ ಕಡೆ ತಿರುಗಿದರು. ಆಮೇಲೆ ಎದುರಿಗಿದ್ದ ಹೆಂಗಸೊಬ್ಬರು ಎದೆಯ ಮೇಲೆ ಕೈಯಿಟ್ಟುಕೊಂಡರು.

"ಅಯ್ಯೋ, ಎಷ್ಟು ದೊಡ್ಡ ಮನಸ್ಸು ನೋಡಿ ಇವ್ರದ್ದು! ಫ್ರೆಂಡ್‌ಗೋಸ್ಕರ ತಮ್ಮ ಮೇಲೇ ಹಾಕ್ಕೋತಿದ್ದಾರೆ."

"ಇಲ್ಲ, ನಿಜವಾಗಿ ನಂದೇ" ಎಂದೆ. ನಂಬಿಸಬೇಕಲ್ಲ, ವಿವರಿಸತೊಡಗಿದೆ. ಕುಕ್ಕರ್ ನೂರಿಪ್ಪತ್ತು ವೋಲ್ಟಿನದು, ಸಿಕ್ಕಿದ್ದು ಹತ್ತಿರ ಹತ್ತಿರ ಎರಡರಷ್ಟು, ವೋಲ್ಟೇಜ್ ಎರಡರಷ್ಟಾದರೆ ಕಾವು ನಾಲ್ಕರಷ್ಟು, ಅದಕ್ಕೇ ತಳ ಸುಟ್ಟಿತು, ಅಡಾಪ್ಟರ್ ಬೇರೆ, ಟ್ರಾನ್ಸ್‌ಫಾರ್ಮರ್ ಬೇರೆ. ಎಲ್ಲರೂ ತಲೆಯಾಡಿಸುತ್ತಾ ಕೇಳಿದರು. ಹೇಳುತ್ತಾ ಹೇಳುತ್ತಾ ನನಗೇ ಗೊತ್ತಾಯಿತು, ಇಷ್ಟೆಲ್ಲ ತಿಳಿದವನು ಅಂಥ ಕೆಲಸ ಮಾಡಿದ ಎಂದು ಯಾರು ನಂಬುತ್ತಾರೆ?

"ಸೀ, ಅಪ್ಪಾ?" ಎಂದ ಮಗ. "ಅಂಕಲ್ ಹತ್ರ ಕೇಳಿ ಮಾಡಬೇಕಿತ್ತು ನೀನು."

ಮಾತು ಬೇರೆ ಕಡೆ ಹೊರಳಿತು. ಯಾರೋ ಹೋಳಿಗೆಯ ಡಬ್ಬಿ ತೆಗೆದರು. ನಾನು ಗೆಳೆಯನ ಕಡೆ ತಿರುಗಿ, "ನಾನು ಹೇಳಿದ್ನಲ್ಲ, ಅವ್ರು ನಂಬಲಿಲ್ಲ" ಎಂದೆ, ತಪ್ಪು ಅವರದು ಎನ್ನುವ ಹಾಗೆ.

ಅವನಿಗೆ ಕೋಪವಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

"ಅವತ್ತ ಅಲ್ಲೇ ಬೀದ್ಯಾಗ ನಿಂತು ಹೇಳಿದ್ದರ ನಂಬ್ತಿದ್ರು, ಸರ್" ಎಂದ. ಎಂದವನು ತನ್ನ ತಟ್ಟೆಯ ಜೊತೆ ನನ್ನದನ್ನೂ ಎತ್ತಿಕೊಂಡು ಒಳಗೆ ಹೋದ.