ಉಚ್ಚಂಗೆಮ್ಮ ಹೇಳಲೊಲ್ಲದ ಮಾತು

ಬೆಳಗಿನ ಐದೂವರೆ. ಕೊಳಗಲ್ಲಿನ ಶಾಲೆಯ ಪಡಸಾಲೆಯಲ್ಲಿ ರಾಜನೊಬ್ಬ ಸಿಟ್ಟಾಗಲು ಒದ್ದಾಡುತ್ತಿದ್ದಾನೆ. ರಾಜನ ಹೆಸರು ಎರ್ರೆಪ್ಪ. ಹೊಲಕ್ಕೆ ಹೊರಟವನು ದಾರಿಯಲ್ಲಿ ಇಲ್ಲಿಗೆ ಬಂದು ನಾಟಕದ ಮಾತು ಒಪ್ಪಿಸುತ್ತಿದ್ದಾನೆ. ಎದುರಿಗೆ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ನಿಂತವರು ಬಾದನಹಟ್ಟಿಯ ಉಚ್ಚಂಗೆಮ್ಮ.

"ಒದರಬ್ಯಾಡ್ರಿ ಎರ್ರೆಪ್ಪಣ್ಣ. ರಾಜಗ ಒದರೋ ಗರಜು ಇರಂಗಿಲ್ಲ. ದನಿ ಇಳಿಸ್ರಿ." ಹೇಳಿದ್ದಷ್ಟೇ ಅಲ್ಲ, ಮಾಡಿ ತೋರಿಸುತ್ತಾರೆ. ಐವತ್ತೆರಡರ ಆ ತೆಳ್ಳನೆಯ ಹೆಂಗಸಿನ ಬಾಯಿಂದ ರಾಜನ ಮಾತು ಹೊರಟಾಗ ಬಾವಿಗೆ ಹೊರಟ ಹೆಂಗಸರು ಕೊಡ ಇಳಿಸಿ ನಿಲ್ಲುತ್ತಾರೆ.

ಉಚ್ಚಂಗೆಮ್ಮ ಹನ್ನೊಂದನೇ ವಯಸ್ಸಿಗೆ ನಾಟಕ ಕಂಪನಿ ಸೇರಿ, ಹದಿನಾರಕ್ಕೆ ನಾಯಕಿಯಾದವರು. ಕಂಪನಿ ಮುಚ್ಚಿದ ಮೇಲೆ ಊರೂರಿನ ಹವ್ಯಾಸಿ ತಂಡಗಳೇ ಗತಿ. ಗಂಡಸರು ಊರಿನವರು, ನಾಯಕಿ ಮಾತ್ರ ಹೊರಗಿನಿಂದ. ಎಂಬತ್ತು ನಾಟಕಗಳ ನಾಯಕಿಯ ಮಾತು ಅವರಿಗೆ ಬಾಯಿಪಾಠ; ಅದರಲ್ಲಿ ಹದಿನಾಲ್ಕು ತೆಲುಗಿನವು. ಸುಗ್ಗಿ ಮುಗಿದ ಮೇಲೆ ತಿಂಗಳಿಗೆ ಇಪ್ಪತ್ತು ಆಟ. ಆದರೆ ಹಿಂದೊಮ್ಮೆ ಕುರುಗೋಡಿನಲ್ಲಿ ಒಂದು ಬಾಡಿಗೆ ಮನೆ ಸಿಗಲು ಎರಡು ವರ್ಷ ಬೇಕಾಯಿತು. "ಆಟದಾಗ ಮಾತಾಯಿ ಅಂತಿದ್ರು. ಮನಿ ಕೇಳಾಕ ಹೋದ್ರ ನಾಟಕದಾಕಿ ಅಂತಿದ್ರು," ಎನ್ನುತ್ತಾರೆ. ಇಷ್ಟಾದರೂ ಅವರ ಮಾತಿನಲ್ಲಿ ಕಹಿಯಿರಲಿಲ್ಲ. ಕಹಿ ಬಂದದ್ದು ಹೋದ ವರ್ಷ, ೧೯೮೭ರಲ್ಲಿ, ಟೀವಿಯ ಮೂಲಕ.

ಬೆಂಗಳೂರಿನ ಧಾರಾವಾಹಿ ತಂಡವೊಂದು ಸಿರುಗುಪ್ಪದ ಆಟದಲ್ಲಿ ಇವರನ್ನು ನೋಡಿ ಕರೆಸಿಕೊಂಡಿತು. ಆ ಆಟದಲ್ಲಿ ಇವರದು ರಾಣಿಯ ಪಾತ್ರ. ಧಾರಾವಾಹಿಯಲ್ಲಿ ಕೊಟ್ಟದ್ದು ಪಾತ್ರೆ ತೊಳೆಯುವವಳದು. ಹಾಳೆಯ ಮೇಲೆ ಅವಳಿಗೆ ಹೆಸರೇ ಇರಲಿಲ್ಲ. 'ಕೆಲಸದವಳು, ಬಳ್ಳಾರಿ ಕಡೆ' ಎಂದಷ್ಟೇ ಇತ್ತು.

"ಅಲ್ಲಿ ಸಾಬರ ಪಾತ್ರ ಅಂದ್ರ ಜಟಕಾ ಹೊಡೆಯೋನು. ತೆಲುಗಿನವ ಅಂದ್ರ ಮೋಸಗಾರ. ನಮ್ಮ ಕಡೆ ಹೆಂಗಸು ಅಂದ್ರ ಕೈಯಾಗ ಕಸಬರಿಗಿ. ನಾವು ಬಾಯಿ ತೆರೆದ್ರ ಸಾಕು, ನಗತಿದ್ರು," ಎನ್ನುತ್ತಾರೆ ಉಚ್ಚಂಗೆಮ್ಮ. ನಗಿಸಲು ಅವರೇನೂ ಮಾಡಬೇಕಿರಲಿಲ್ಲ. 'ಐತಿ' ಎಂದರೆ ನಗು, 'ಹೋಗಾಕ' ಎಂದರೆ ನಗು. ನಮ್ಮ ಅವ್ವಂದಿರು ಜೋಗುಳ ಹಾಡಿದ ಭಾಷೆಯನ್ನು ಹಾಸ್ಯವೆಂದು ಮಾರಿಕೊಂಡ ಆ ತಂಡದವರಿಗೆ ನಾಚಿಕೆಯೆಂಬುದು ಇದೆಯೇ?

ಮೂರನೇ ಕಂತಿನಲ್ಲಿ ಕೆಲಸದವಳು ಸೆರಗಿನ ತುದಿಗೆ ಸಕ್ಕರೆ ಕಟ್ಟಿಕೊಂಡು ಸಿಕ್ಕಿಬೀಳಬೇಕು. ಸಿಕ್ಕಿಬಿದ್ದು ಹಲ್ಲು ಕಿರಿದು, "ನಮ್ಮ ಕಡಿ ಎಲ್ಲಾರೂ ಹಿಂಗ ರೀ ಅಮ್ಮಾರ" ಎನ್ನಬೇಕು. ಉಚ್ಚಂಗೆಮ್ಮ ಆ ಮಾತು ಅಂದರು. "ಅದು ನನ್ನ ತಪ್ಪು. ಮಾತು ಅಂದ್ರ ಮಾತು ಅನಕೊಂಡೆ," ಎಂದು ನೆಲ ನೋಡುತ್ತಾರೆ.

ಅವರ ತಂಗಿ ಎರ್ರಮ್ಮ ಬಳ್ಳಾರಿಯ ಕಂಟೋನ್ಮೆಂಟಿನಲ್ಲಿ ನಾಲ್ಕು ಮನೆಗಳ ಪಾತ್ರೆ ತೊಳೆಯುತ್ತಾರೆ. ಒಂದು ಮನೆಯಲ್ಲಂತೂ ಹನ್ನೊಂದು ವರ್ಷದಿಂದ. ಆ ಕಂತು ಬಂದ ಮರುದಿನ ಎರ್ರಮ್ಮ ಕೆಲಸ ಮುಗಿಸಿ ಹೊರಟಾಗ ಆ ಮನೆಯಾಕೆ ನಗುತ್ತಲೇ, "ಎಲ್ಲಿ, ಸೆರಗು ಸ್ವಲ್ಪ ಜಾಡಿಸಿ ತೋರಿಸು," ಎಂದರು. ತಮಾಷೆಯಿರಬೇಕೆಂದು ಎರ್ರಮ್ಮನೂ ನಕ್ಕರು. ಆಕೆ ಬಾಗಿಲು ಬಿಟ್ಟು ಸರಿಯಲಿಲ್ಲ. ಎರ್ರಮ್ಮ ಸೆರಗು ಜಾಡಿಸಿದರು. ಮರುದಿನವೂ ಜಾಡಿಸಿದರು. ಮೂರನೇ ದಿನ ಕೆಲಸಕ್ಕೆ ಹೋಗದೆ ಬಾದನಹಟ್ಟಿಯ ಬಸ್ಸು ಹತ್ತಿದರು.

"ಬಂದಾಕಿ ಅಳಲಿಲ್ಲ. 'ಅಕ್ಕಾ, ನೀ ಯಾಕ ಹಂಗ ಅಂದಿ?' ಅಂದ್ಲು. ಅಷ್ಟ."

ಮುಂದಿನ ಚಿತ್ರೀಕರಣದಲ್ಲಿ ಮನೆಯೊಡತಿಯ ಸರ ಕಳೆಯಬೇಕು. ಅದು ಕೆಲಸದವಳ ಗಂಟಿನಲ್ಲಿ ಸಿಗಬೇಕು, ಕದ್ದದ್ದು ತಾನೇ ಎಂದು ಅವಳು ಒಪ್ಪಿಕೊಳ್ಳಬೇಕು. ಉಚ್ಚಂಗೆಮ್ಮ ಕ್ಯಾಮೆರಾದ ಮುಂದೆ ನಿಂತು, "ಈ ಮಾತು ನಾ ಹೇಳಂಗಿಲ್ಲ," ಎಂದರು.

"ಕೆಲಸದವಳ ಪಾತ್ರಕ್ಕೆ ಇಷ್ಟೊಂದು ಯೋಚನೆ ಯಾಕಮ್ಮ? ಜನ ನಗಬೇಕು ಅಷ್ಟೇ," ಎಂದ ನಿರ್ದೇಶಕ.

"ನಗಸ್ತೀನಿ. ಕಳ್ಳಿ ಆಗಿ ಬ್ಯಾಡ," ಎಂದರು ಇವರು. ಆಮೇಲೆ ಮನೆಯೊಡತಿಯ ಒಂದು ಪುಟ ಮಾತನ್ನು ಅಚ್ಚ ಬೆಂಗಳೂರಿನ ಕನ್ನಡದಲ್ಲಿ, ಒಂದಕ್ಷರ ತಪ್ಪದೆ ಹೇಳಿ ತೋರಿಸಿದರು. "ನಿಮ್ಮ ಭಾಷೆನೂ ನಂಗೆ ಬರುತ್ತೆ. ತಾಯಿ ಪಾತ್ರ ಕೊಟ್ಟು ನೋಡಿ," ಎಂದರು. ನಿರ್ದೇಶಕ ಅವರ ಕಪ್ಪು ಮುಖವನ್ನು ಒಮ್ಮೆ ನೋಡಿ, "ಈ ಬಣ್ಣಕ್ಕೆ ಆ ಪಾತ್ರ ಜನ ಒಪ್ಪಲ್ಲಮ್ಮ," ಎಂದನಂತೆ.

ಜನ ಒಪ್ಪುವುದಿಲ್ಲವಂತೆ! ಮೂವತ್ತಾರು ವರ್ಷ ಈ ಮುಖವನ್ನೇ ರಾಣಿಯೆಂದು, ತಾಯಿಯೆಂದು ನಂಬಿ ಅತ್ತವರು ಜನರಲ್ಲದೆ ಮತ್ತೇನು, ದನಗಳೇ?

ತಂಡದವರು ಕೊಟ್ಟಿದ್ದ ಹರಕು ಸೀರೆಯನ್ನು ಬಿಚ್ಚಿ ಮಡಿಸಿಟ್ಟು, ತಮ್ಮ ಸೀರೆಯುಟ್ಟು ಉಚ್ಚಂಗೆಮ್ಮ ಊರಿಗೆ ಬಂದರು. ಧಾರಾವಾಹಿ ನಿಲ್ಲಲಿಲ್ಲ. ಬೇರೊಬ್ಬಳು ಬಂದಳು, ಸರ ಕದ್ದಳು, ಜನ ನಕ್ಕರು.

ಅಲ್ಲಿಗೆ ಸುಮ್ಮನಾಗಬಹುದಿತ್ತು. ಆದರೆ ಊರಿಗೆ ಬಂದ ಮರುದಿನವೇ ತಂಗಿಯ ಕೈ ಹಿಡಿದು ಕಂಟೋನ್ಮೆಂಟಿನ ಆ ಮನೆಗೆ ಹೋದರು. ಬಾಗಿಲು ತೆರೆದ ಮನೆಯಾಕೆಯ ಮುಖ ಅರಳಿತು. "ಅಯ್ಯೋ, ಟೀವಿಯವರು! ಒಳಗೆ ಬನ್ನಿ, ಕೂತ್ಕೊಳ್ಳಿ, ಕಾಫಿ ತರ್ತೀನಿ," ಎಂದು ಕುರ್ಚಿ ಎಳೆದರು. ಹನ್ನೊಂದು ವರ್ಷ ಆ ಕುರ್ಚಿಯ ಧೂಳು ಒರೆಸಿದ ಎರ್ರಮ್ಮ ಹೊಸ್ತಿಲಾಚೆಯೇ ನಿಂತಿದ್ದರು.

"ಕುಂದ್ರಾಕ ಬಂದಿಲ್ರಿ," ಎಂದರು ಉಚ್ಚಂಗೆಮ್ಮ. "ಟೀವಿಯಾಗ ಆ ಮಾತು ಅಂದಾಕಿ ನಾನು. ಸುಳ್ಳು ಅಂದೀನಿ. ಈಕಿ ನನ್ನ ಒಡಹುಟ್ಟಿದ ತಂಗಿ. ಹನ್ನೊಂದು ವರ್ಷದಾಗ ನಿಮ್ಮ ಮನ್ಯಾಗ ಒಂದು ಚಮಚ ಕಳದೈತೇನ್ರಿ? ಈಕಿ ಮುಖಾ ನೋಡಿ ಹೇಳ್ರಿ."

ಮನೆಯಾಕೆ ಎಳೆದಿದ್ದ ಕುರ್ಚಿಯನ್ನು ಹಿಂದಕ್ಕೆ ಸರಿಸಿದರು. ಆಮೇಲೆ, "ಇಲ್ಲ... ಏನೂ ಕಳೆದಿಲ್ಲ. ನಾಳೆಯಿಂದ ಬಾ ಎರ್ರಮ್ಮ," ಎಂದರು.

ಹನ್ನೊಂದು ವರ್ಷದಲ್ಲಿ ಎಂದೂ ಎದುರು ಮಾತಾಡದಿದ್ದ ಎರ್ರಮ್ಮ ಅಂದು ಬಾಯಿ ತೆರೆದರು: "ಬರಂಗಿಲ್ರಿ. ಬ್ಯಾರೆ ಮನಿ ಕೆಲಸ ಹಿಡಿದೀನಿ."

ಅಕ್ಕತಂಗಿಯರು ರಸ್ತೆಗಿಳಿದರು. ಕ್ಷಮೆಯ ಮಾತು ಹಿಂದಿನಿಂದ ಬರಲಿಲ್ಲ. ಇವರೂ ತಿರುಗಿ ನೋಡಲಿಲ್ಲ.

ಟೀವಿಯವರು ಮತ್ತೆ ಕರೆದರೆ ಹೋಗುತ್ತೀರಾ ಎಂದು ಕೇಳಿದೆ. ಬೇಡ ಎನ್ನುತ್ತಾರೆಂದುಕೊಂಡಿದ್ದೆ.

"ಯಾಕ ಹೋಗಬಾರದ್ರಿ? ನಾ ಕಲಾವಿದೆ ಅದೀನಿ," ಎಂದರು. "ಕೆಲಸದಾಕಿ ಪಾತ್ರನ ಕೊಡ್ಲಿ, ಮಾಡ್ತೀನಿ. ನನ್ನ ತಂಗಿ ಕೆಲಸ ಏನು ಸಣ್ಣದಲ್ಲ. ಆದ್ರ ಬರಿಯೋ ಮುಂದ ಒಂದು ದಿನ ಬಂದು ಎರ್ರಮ್ಮನ ಕೇಳ್ರಿ ಅಂತೀನಿ. ಆಕಿ ಹೆಂಗ ಮಾತಾಡ್ತಾಳ ಅಂತ ಅಲ್ಲ, ಏನು ಮಾತಾಡ್ತಾಳ ಅಂತ."